ಹರಿಪ್ರಿಯಾ ಆರಿಸಿದ ಮೂರು ಮೀಟರ್ ಪಟ

ಜರ್ಮನಿಯ ನ್ಯೂರೆಂಬರ್ಗಿನ ಒಂದು ಕಿಟಾದಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುವ ಶಾಲೆಯಲ್ಲಿ, ಹರಿಪ್ರಿಯಾ ಅಡುಗೆಮನೆ ಕೆಲಸಕ್ಕಿದ್ದಳು. ಬೆಳಿಗ್ಗೆ ಎಂಟಕ್ಕೆ ಹೋಗಿ ಅರವತ್ತು ಮಕ್ಕಳಿಗೆ ಸೇಬು ಹೆಚ್ಚಿ, ತಟ್ಟೆ ಜೋಡಿಸಿ, ಮಧ್ಯಾಹ್ನ ಎರಡಕ್ಕೆ ಏಪ್ರನ್ ಬಿಚ್ಚಿಟ್ಟು ಹೊರಡುವುದು. ಇವಳು ಮೈಸೂರಿನ ಪಿಯು ಕಾಲೇಜೊಂದರಲ್ಲಿ ಒಂಬತ್ತು ವರ್ಷ ಫಿಸಿಕ್ಸ್ ಹೇಳಿಕೊಟ್ಟವಳು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಾಗಿ ಹೇಳಿಕೊಂಡೂ ಇರಲಿಲ್ಲ. ಗಂಡ ಸುಹಾಸನಿಗೆ ಇಲ್ಲಿ ಐಟಿ ಕೆಲಸ ಸಿಕ್ಕಿದಾಗ ಮಗಳು ಸ್ಪಂದನಾಗೆ ಐದು ವರ್ಷ. "ಎರಡು ವರ್ಷ ನೋಡೋಣ, ಆಮೇಲೆ ನಿನಗೂ ಏನಾದ್ರೂ ದಾರಿಯಾಗುತ್ತೆ" ಎಂದಿದ್ದ ಸುಹಾಸ. ಹನ್ನೆರಡು ವರ್ಷ ಕಳೆದಿತ್ತು.

ಒಂದು ಮಾರ್ಚ್ ತಿಂಗಳಲ್ಲಿ, ಕೆಲಸದಿಂದ ಮನೆಗೆ ಬರುವಾಗ ಫುಟ್‌ಪಾತಿನ ಮೇಲೆ ಒಂದು ರಟ್ಟಿನ ಡಬ್ಬ ಕಂಡಿತು. ಬೇಡವಾದ ಸಾಮಾನನ್ನು ಬೇಕಾದವರು ಒಯ್ಯಲಿ ಎಂದು ಇಲ್ಲಿನವರು ಹಾಗೆ ಇಡುತ್ತಾರೆ. ಎರಡು ಹೂಜಿ, ಒಂದು ಇಸ್ತ್ರಿಪೆಟ್ಟಿಗೆ, ಅದರಡಿ ನೀಲಿ ಬಟ್ಟೆಯ ಗಂಟು. ಬಿಡಿಸಿ ನೋಡಿದರೆ ಕಡ್ಡಿಯೇ ಇಲ್ಲದ, ಬರೀ ಬಟ್ಟೆಯ, ಎರಡು ದಾರದ ಗಾಳಿಪಟ. ಮನುಷ್ಯರನ್ನೇ ಎಳೆಯುವಂಥ ಪಟಗಳ ಜಾತಿಯಲ್ಲಿ ಎಲ್ಲಕ್ಕಿಂತ ಚಿಕ್ಕದು. ಸ್ಪಂದನಾಗೆ ಕೊಟ್ಟರಾಯಿತು ಎಂದುಕೊಂಡು ತಂದಳು. ಹದಿನೇಳರ ಹುಡುಗಿ ಒಮ್ಮೆ ನೋಡಿ, "ನೈನ್, ಡಾಂಕೆ", ಬೇಡ ಥ್ಯಾಂಕ್ಸ್ ಎಂದು ಬಾಗಿಲು ಹಾಕಿಕೊಂಡಳು.

ಹಾಗಾಗಿ ಹರಿಪ್ರಿಯಾ ಒಬ್ಬಳೇ ಹೋದಳು. ಪಕ್ಕದ ಊರು ಫ್ಯೂರ್ಟ್ ದಾಟಿದರೆ ರೆಗ್ನಿಟ್ಸ್ ನದಿಯ ಪಕ್ಕ ಅಗಲವಾದ ಹುಲ್ಲುಗಾವಲಿದೆ. ಮೊದಲ ದಿನ ಪಟ ಹನ್ನೊಂದು ಸಲ ನೆಲಕ್ಕೆ ಬಡಿಯಿತು. ಹನ್ನೆರಡನೆಯ ಸಲ ಮೇಲೆದ್ದು ತೋಳನ್ನು ಭುಜದಿಂದಲೇ ಕಿತ್ತುಕೊಳ್ಳುವಂತೆ ಎಳೆಯಿತು. ಅವಳು ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ ನಿಂತಳು. ಪಟ ಬೀಳಲಿಲ್ಲ, ಅವಳೂ ಬೀಳಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟಳು. ಯಾರಿಗೂ ಹೇಳಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಆ ಪಟ ಅವಳಿಗೆ ಸಾಲದಾಯಿತು. ಮೆಲುಗಾಳಿಯಲ್ಲಿ ಏಳುವುದೇ ಇಲ್ಲ. ಜೋರುಗಾಳಿಯಲ್ಲಿ ತಲೆತಿರುಗುವ ಹಾಗೆ ಗಿರಕಿ ಹೊಡೆಯುತ್ತದೆ. ಎರಡನೆಯದೊಂದು ಬೇಕಿತ್ತು, ಅಗ್ಗದ್ದು. ಕಾಲೇಜು ಬಿಟ್ಟ ಮೇಲೆ ಮೊದಲ ಬಾರಿಗೆ ಹರಿಪ್ರಿಯಾ ನೋಟ್‌ಬುಕ್ ತೆರೆದು ಗೆರೆ ಎಳೆದಳು. ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ತನ್ನ ತೂಕ ಐವತ್ತೆರಡು ಕಿಲೋ. ಮೂರು ಚದರ ಮೀಟರಿನದು ಸಾಕು. ನಾಲ್ಕು ದಾರದ್ದಾಗಬೇಕು, ಏಕೆಂದರೆ ಅದರಲ್ಲಿ ಕೆಳಗಿನ ಎರಡು ದಾರ ಬ್ರೇಕಿನ ಕೆಲಸ ಮಾಡುತ್ತವೆ. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇರಲೇಬೇಕು. ಭಯವಾದಾಗ ಹಿಡಿ ಬಿಟ್ಟರೆ ಪಟ್ಟಿ ಬ್ರೇಕಿನ ದಾರಗಳನ್ನಷ್ಟೇ ಎಳೆದು ಪಟವನ್ನು ಸತ್ತ ಹಕ್ಕಿಯಂತೆ ಕೆಡವುತ್ತದೆ. ಹೊಸದಕ್ಕೆ ಇನ್ನೂರು ಯೂರೋ ಹತ್ತಿರ. ಹಳೆಯದಾದರೆ ಎಪ್ಪತ್ತು, ಎಂಬತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಬಾಯಿ ಬಿಟ್ಟಳು.

ಸುಹಾಸ ಮೊದಲು ನಕ್ಕ. ಆಮೇಲೆ ಫೋನು ತೆಗೆದು ಎರಡು ನಿಮಿಷ ಏನೋ ನೋಡಿದ. "ಮೂರು ಮೀಟರ್ ಯಾಕೆ? ಆರು ತಿಂಗಳಿಗೆ ಅದೂ ಚಿಕ್ಕದು ಅಂತೀಯ. ತಗೊಳ್ಳೋದಾದ್ರೆ ಒಂದೇ ಸಲ ದೊಡ್ಡದು ತಗೋಬೇಕು. ನಮ್ಮ ಆಫೀಸಿನ ರಾಕೇಶ್ ಹತ್ರ ಐದೂವರೆದು ಇದೆ."

"ಐದೂವರೆ ನಮ್ಮಂಥ ಬಿಗಿನರ್ಸ್‌ಗೆ ಆಗಲ್ಲ ರೀ. ಗಾಳಿ ಸ್ವಲ್ಪ ಏರಿದ್ರೂ ಎಳೆತ ಎಷ್ಟಾಗುತ್ತೆ ಅಂದ್ರೆ..."

"ಪ್ರಿಯಾ, ಪಾಠ ಬೇಡ. ಊಟ ಮಾಡು."

ಅವಳು ಊಟ ಮಾಡಿದಳು. ಆದರೆ ಮುಂದಿನ ಶನಿವಾರ ಬೆಳಗಿನ ಟ್ರೇನ್ ಹಿಡಿದು ಬಾಂಬೆರ್ಗಿಗೆ ಹೋದಳು. ಹಳೆ ಸಾಮಾನಿನ ಆ್ಯಪ್‌ನಲ್ಲಿ ಪಟದ ಜಾಹೀರಾತು ಹಾಕಿದ್ದವಳು ಎಪ್ಪತ್ತು ದಾಟಿದ ಒಬ್ಬ ಮುದುಕಿ, ಫ್ರಾವ್ ತ್ಸೆಲ್ಟ್‌ನರ್. ಮೊಣಕಾಲಿನ ಆಪರೇಷನ್ ಆದ ಮೇಲೆ ಪಟ ಬಿಟ್ಟವಳು. ಅಂಗಳದಲ್ಲಿ ಪಟವನ್ನು ಹಾಸಿ, ತಾನೇ ಬೆರಳಿಟ್ಟು ತೋರಿಸಿದಳು: "ಇಲ್ಲಿ ಹೊಲಿಗೆ ಬಿಟ್ಟಿತ್ತು, ನಾನೇ ಹಾಕಿದ್ದೇನೆ. ದಾರಗಳು ಹೋದ ವರ್ಷದವು, ನಾಲ್ಕೂ ಒಂದೇ ಉದ್ದ. ಬೇಕಾದರೆ ಅಳೆಯಿರಿ." ಹರಿಪ್ರಿಯಾ ಅಳೆದಳು. ಮುದುಕಿಗೆ ಅದು ಖುಷಿಯಾದಂತಿತ್ತು. "ನೀವು ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದಳು.

"ಫಿಸಿಕ್ಸ್ ಟೀಚರ್" ಎಂದಳು ಹರಿಪ್ರಿಯಾ ಜರ್ಮನ್‌ನಲ್ಲಿ. ಹೇಳಿದ ಮೇಲೆ ಕ್ರಿಯಾಪದವನ್ನು ಭೂತಕಾಲಕ್ಕೆ ತಿದ್ದಬೇಕಿತ್ತು ಅನಿಸಿತು. ತಿದ್ದಲಿಲ್ಲ. ಎಪ್ಪತ್ತು ಯೂರೋ ಎಣಿಸಿ ಕೊಟ್ಟು, ಚೀಲ ಬೆನ್ನಿಗೇರಿಸಿ ಬಂದಳು.

ಬಾಗಿಲು ತೆಗೆದರೆ ಹಾಲಿನ ತುಂಬ ಕೆಂಪು ಬಟ್ಟೆ. ಸುಹಾಸ ರಾಕೇಶನಿಂದ ಐದೂವರೆ ಮೀಟರಿನ ಪಟ ಕೊಂಡು ತಂದಿದ್ದ. "ಸರ್‌ಪ್ರೈಸ್. ಆ್ಯನಿವರ್ಸರಿಗೆ" ಎಂದು, ಅವಳ ಬೆನ್ನಿನ ಚೀಲ ನೋಡಿ, "ಅಯ್ಯೋ, ಅದನ್ನ ಯಾಕೆ ತಂದೆ? ವಾಪಸ್ ಕೊಡು" ಎಂದ. ಅಷ್ಟರಲ್ಲಾಗಲೇ ಊರಿನ ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಫೋಟೊ ಹೋಗಿತ್ತು. ಹೆಂಡತಿಯ ಹವ್ಯಾಸಕ್ಕೆ ಇಷ್ಟು ಬೆಂಬಲ ಕೊಡುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಮೂವರು ಬರೆದಿದ್ದರು. ಹರಿಪ್ರಿಯಾ ಕೈಮುಗಿದ ಚಿತ್ರ ಒತ್ತಿದಳು. ಮೂರು ಮೀಟರಿನದನ್ನು ವಾಪಸ್ ಕೊಡಲಿಲ್ಲ. ಕೆಳಗಿನ ಕೆಲ್ಲರಿನಲ್ಲಿ, ಮನೆಯವರ ಸಾಮಾನಿಡುವ ನೆಲಮಾಳಿಗೆಯ ಕೋಣೆಯಲ್ಲಿ ಇಟ್ಟಳು. ಚಿಕ್ಕ ನೀಲಿ ಪಟವನ್ನು ಕಿಟಾದ ಮಕ್ಕಳಿಗೆ ಕೊಟ್ಟುಬಿಟ್ಟಳು.

ಅಕ್ಟೋಬರಿನಲ್ಲಿ ಕನ್ನಡದ ನಾಲ್ಕೈದು ಮನೆಯವರು ಅದೇ ಹುಲ್ಲುಗಾವಲಿಗೆ ಬುತ್ತಿ ಕಟ್ಟಿಕೊಂಡು ಹೋದರು. ಗಾಳಿ ಬಿಟ್ಟುಬಿಟ್ಟು, ನೂಕುನೂಕಾಗಿ ಬೀಸುತ್ತಿತ್ತು. ಹರಿಪ್ರಿಯಾ ಪಟ್ಟಿ ಕಟ್ಟಿಕೊಂಡು ತನ್ನ ಪಟ ಏರಿಸಿದಳು. ಎಡಕ್ಕೆ, ಬಲಕ್ಕೆ, ಮತ್ತೆ ನೆತ್ತಿಗೆ. ಗಾಳಿ ನೂಕಿದಾಗ ನಾಲ್ಕು ಹೆಜ್ಜೆ ಜಾರಿ, ಬ್ರೇಕ್ ಎಳೆದು ನಿಂತಳು. ಮಕ್ಕಳು ಚಪ್ಪಾಳೆ ತಟ್ಟಿದರು. ಸ್ಪಂದನಾ ಫೋನಿನಲ್ಲಿ ವೀಡಿಯೊ ಮಾಡುತ್ತಿರುವುದು ಕಣ್ಣಂಚಿನಲ್ಲಿ ಕಂಡಿತು. ಮಗಳು ತನ್ನತ್ತ ಫೋನ್ ಹಿಡಿದು ಎಷ್ಟು ವರ್ಷವಾಗಿತ್ತೋ.

ಅವಳು ಇಳಿಸುವ ಹೊತ್ತಿಗೆ ಸುಹಾಸ ಕೆಂಪು ಪಟವನ್ನು ಹಾಸಿ ಮುಗಿಸಿದ್ದ.

"ಇವತ್ತು ಬೇಡ ರೀ. ಈ ಗಾಳೀಲಿ ಅದನ್ನ ತಡೆಯೋಕಾಗಲ್ಲ."

"ನೀನು ಹಾರಿಸಬಹುದು, ನಾನು ಹಾರಿಸಬಾರದಾ? ಬಾ, ಆ ತುದಿ ಎತ್ತಿ ಹಿಡ್ಕೋ."

"ಪಟ್ಟಿನಾದ್ರೂ ಕಟ್ಕೊಳ್ಳಿ."

"ಹಿಡ್ಕೋ ಅಂದೆ."

"ನಾನು ಹಿಡಿಯಲ್ಲ" ಎಂದಳು. ಎಲ್ಲರಿಗೂ ಕೇಳಿಸುವಂತೆಯೇ ಹೇಳಿದಳು. ಆಮೇಲೆ ರಾಕೇಶ್, "ಬಿಡಿ ಅಕ್ಕ, ನಾನ್ ಹಿಡೀತೀನಿ. ರೆಡಿನಾ ಗುರು?" ಎಂದು ಓಡಿದ. ಆ ಪಟವನ್ನು ಅವನು ಒಟ್ಟು ಎರಡೇ ಸಲ ಹಾರಿಸಿದ್ದ, ಎರಡನೆಯ ಸಲ ಹೆದರಿ ಮಡಚಿಟ್ಟಿದ್ದ ಎಂಬುದು ಆಮೇಲೆ ತಿಳಿಯಿತು.

ಪಟ ಎದ್ದದ್ದು ಕಂಡಿತು; ಸುಹಾಸ ಎದ್ದದ್ದು ಯಾರಿಗೂ ಸರಿಯಾಗಿ ಕಾಣಲಿಲ್ಲ. "ಬಿಡಿ, ಕೈ ಬಿಡಿ" ಎಂದು ಹರಿಪ್ರಿಯಾ ಕೂಗುತ್ತ ಓಡಿದಳು. ಅವನು ಬಿಡಲಿಲ್ಲ. ಹತ್ತು ಹನ್ನೆರಡು ಮೀಟರ್ ಆಚೆ ಭುಜ ಮುಂದಾಗಿ ನೆಲಕ್ಕೆ ಬಿದ್ದ. ಕಾಲರ್ ಬೋನ್ ಎರಡು ತುಂಡಾಗಿತ್ತು.

ಆರು ವಾರದ ಕ್ರಾಂಕ್‌ಮೆಲ್ಡುಂಗ್, ಅಂದರೆ ಡಾಕ್ಟರ ರಜೆ ಚೀಟಿ ಸಿಕ್ಕಿತು. ಕಿಟಾದಿಂದ ಬಂದವಳು ಅವನಿಗೆ ಸ್ನಾನ ಮಾಡಿಸುವಳು, ಅಂಗಿಯ ಗುಂಡಿ ಹಾಕುವಳು, ಅನ್ನ ಕಲಸಿ ಚಮಚ ಕೊಡುವಳು. ಅತ್ತೆ ವೆಂಕಟಲಕ್ಷ್ಮಮ್ಮ ದಿನವೂ ಮೈಸೂರಿನಿಂದ ವೀಡಿಯೊ ಕಾಲ್ ಮಾಡುತ್ತಿದ್ದರು. "ನಲವತ್ತಾರು ವರ್ಷದ ಹೆಂಗಸಿಗೆ ಗಾಳಿಪಟದ ಚಟ ಏನಮ್ಮಾ? ನಿನ್ನ ಆಸೆಗೆ ನನ್ನ ಮಗನ ಮೂಳೆ ಹೋಯ್ತಲ್ಲ" ಎಂದರು. ಪಕ್ಕದಲ್ಲೇ ದಿಂಬಿಗೆ ಒರಗಿದ್ದ ಸುಹಾಸ, ಹಾಗಲ್ಲಮ್ಮ ಎನ್ನಲಿಲ್ಲ. ಕಣ್ಣು ಮುಚ್ಚಿಕೊಂಡ.

ನವೆಂಬರಿನ ಕೊನೆಯಲ್ಲಿ ಒಂದು ಭಾನುವಾರ ಒಳ್ಳೆಯ ಗಾಳಿಯಿತ್ತು. ಕೆಲ್ಲರಿಗೆ ಇಳಿದು ನೋಡಿದರೆ ಗೂಟದಲ್ಲಿ ಚೀಲವಿಲ್ಲ. ಸೈಕಲ್ಲಿನ ಹಿಂದೆ, ಸೂಟ್‌ಕೇಸುಗಳ ಒಳಗೆ, ಎಲ್ಲ ಹುಡುಕಿ ಮೇಲೆ ಬಂದಳು.

"ನನ್ನ ಪಟ ಎಲ್ಲಿ?"

"ಮಾರಿಬಿಟ್ಟೆ" ಎಂದ ಸುಹಾಸ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. "ಎರಡೂ ಒಟ್ಟಿಗೆ ಹಾಕಿದ್ದೆ. ಎರ್ಲಾಂಗನ್ನಿಂದ ಯಾರೋ ಬಂದು ತಗೊಂಡು ಹೋದ್ರು."

"ನನ್ನನ್ನ ಕೇಳಬೇಕು ಅನ್ನಿಸಲಿಲ್ವಾ?"

"ಕೇಳೋದೇನಿದೆ? ಇಷ್ಟೆಲ್ಲ ಆದ ಮೇಲೂ ಆ ಹಾಳು ಪಟ ಮನೇಲಿ ಇರಬೇಕಾ?"

ಹರಿಪ್ರಿಯಾ ಜಾಕೆಟ್ ತೊಟ್ಟೇ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಆ ಹೊಲಿಗೆ, ನಾಲ್ಕೂ ಒಂದೇ ಉದ್ದದ ದಾರ, ತಾನು ನೋಟ್‌ಬುಕ್ಕಿನಲ್ಲಿ ಎಳೆದ ಗೆರೆಗಳು ನೆನಪಾದವು. ತಾನು ಹೇಳಿದ ಲೆಕ್ಕ ಒಂದಂಕಿಯೂ ತಪ್ಪಾಗಿರಲಿಲ್ಲ. ಸರಿಯಾಗಿದ್ದದ್ದಕ್ಕೇ ಅವನಿಗೆ ಇಷ್ಟು ಸಿಟ್ಟು ಎಂದು ಅವಳಿಗೆ ಆಗ ಹೊಳೆಯಿತು. ಹೊಳೆದು ಸಮಾಧಾನವೇನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕುಕ್ಕರ್ ಇಟ್ಟಳು.

ಮೂಳೆ ಕೂಡಿತು. ಏಪ್ರಿಲ್‌ನಲ್ಲಿ ರಾಕೇಶನ ಮನೆಯಲ್ಲಿ ಯುಗಾದಿಯ ಮಧ್ಯಾಹ್ನದ ಊಟ. ಸುಹಾಸ ಹೋಳಿಗೆ ತಟ್ಟೆ ಹಿಡಿದು ಆ ದಿನದ ಕಥೆ ಶುರುಮಾಡಿದ. ಅದು ಈಗ ಎಲ್ಲೆಡೆ ಹೇಳುವ ತಮಾಷೆಯ ಕಥೆಯಾಗಿತ್ತು, ಪ್ರತಿ ಸಲವೂ ಸ್ವಲ್ಪ ಬೆಳೆಯುತ್ತಿತ್ತು. "ನಾನು ಇನ್ನೂ ರೆಡಿನೇ ಆಗಿಲ್ಲ, ಈ ಮಹಾತಾಯಿ ಆ ಕಡೆಯಿಂದ ಪಟ ಬಿಟ್ಟುಬಿಡೋದಾ? ಇನ್ಶೂರೆನ್ಸ್ ದುಡ್ಡಿಗೆ ಕಣ್ಣು ಹಾಕಿದ್ಲು ಅನ್ಸುತ್ತೆ." ಎಲ್ಲರೂ ನಕ್ಕರು.

ಹರಿಪ್ರಿಯಾ ತುಪ್ಪದ ಬಟ್ಟಲನ್ನು ಮೇಜಿನ ಮೇಲಿಟ್ಟಳು. "ನಾನು ಹಿಡಿದಿರಲಿಲ್ಲ" ಎಂದಳು. "ಹಿಡಿಯಲ್ಲ ಅಂದಿದ್ದೆ. ಹಿಡಿದಿದ್ದು ರಾಕೇಶ್. ಸ್ಪಂದನಾ ಫೋನಲ್ಲಿ ವೀಡಿಯೊ ಇದೆ, ಬೇಕಾದ್ರೆ ನೋಡಿ."

ರಾಕೇಶ್ ತಟ್ಟೆಯಲ್ಲಿ ಹೋಳಿಗೆ ಮುರಿಯುತ್ತ ಕೂತ. ಯಾರೋ, "ಹೋಗ್ಲಿ ಬಿಡಿ ಅಕ್ಕ, ತಮಾಷೆಗೆ ಹೇಳಿದ್ದು" ಎಂದರು. ಹರಿಪ್ರಿಯಾ ಮಗಳತ್ತ ನೋಡಿದಳು. ಸ್ಪಂದನಾ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, "ಇಶ್ ವೈಸ್ ನಿಶ್ಟ್. ಗೊತ್ತಿಲ್ಲ, ಡಿಲೀಟ್ ಮಾಡಿರ್ಬೇಕು" ಎಂದಳು. ಮಾತು ಬಾಡಿಗೆ ಮನೆಗಳ ಕಡೆಗೆ ಹೊರಳಿತು.

ಹಿಂದಿರುಗುವಾಗ ಸುಹಾಸ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಿಂದ ಸ್ಪಂದನಾ ಜರ್ಮನ್‌ನಲ್ಲಿ ಕೇಳಿದಳು, ಅಷ್ಟು ಜನರ ಮುಂದೆ ಅದನ್ನು ಹೇಳಲೇಬೇಕಿತ್ತಾ, ನನಗೆ ನಾಚಿಕೆಯಾಗಿ ಹೋಯಿತು ಎಂದು.

"ಬೇಕಿತ್ತು" ಎಂದಳು ಹರಿಪ್ರಿಯಾ ಕನ್ನಡದಲ್ಲಿ. ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು.