ಕಲ್ಲನ್ನೇ ಬೈಯುತ್ತಿದ್ದ ಸಾಯಬಣ್ಣ ಕಾಕಾ

ಶಹಾಬಾದಿನ ನಮ್ಮ ಪಾಲಿಶ್ ಕಾರ್ಖಾನೆಯಲ್ಲಿ ಯಾರ ಕೈಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆದರೂ ಮೇಸ್ತ್ರಿ ಸಾಯಬಣ್ಣ ಕಾಕಾ ಬೈಯುತ್ತಿದ್ದದ್ದು ಕಲ್ಲನ್ನು. ಚೂರನ್ನೆತ್ತಿ, ಕನ್ನಡಕವನ್ನು ಹಣೆಗೇರಿಸಿ, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು, "ಕಲ್ಲಿನ್ಯಾಗ ಮೊದ್ಲೇ ಬಿರುಕಿತ್ತು" ಎಂದು ಎಲ್ಲರಿಗೂ ಕೇಳುವಂತೆ ತೀರ್ಪು ಕೊಡುವರು. ಬಿರುಕೂ ಇಲ್ಲ, ಮಣ್ಣೂ ಇಲ್ಲ! ಆಮೇಲೆ ಒಡೆದವನನ್ನು ನೀರಿನ ಟಾಕಿಯ ಹಿಂದೆ ಕರೆದೊಯ್ದು, ಕೈ ಎಲ್ಲಿ ತಪ್ಪಿತೆಂದು ತಾವೇ ಮಾಡಿ ತೋರಿಸುವರು. ಅವನಿಗೆ ಸಿಗಬೇಕಾದ ಬೈಗುಳವೂ ಅಲ್ಲೇ, ಬೇರೆ ಯಾರಿಗೂ ಕೇಳದಂತೆ.

ಕಾರ್ಖಾನೆಯನ್ನು ಕೊಂಡಿದ್ದ ಚೀನಾದ ಕಂಪನಿಯೊಂದು ಅದನ್ನು ನಡೆಸಲು ಲಿಯು ಎಂಬ ಮ್ಯಾನೇಜರನ್ನು ಕಳಿಸಿತ್ತು. ಮೂವತ್ತರ ಆಸುಪಾಸು. ಆರು ತಿಂಗಳು ತರಬೇತಿ. ಪಾಸಾದರೆ ಖಾಯಂ, ಇಲ್ಲದಿದ್ದರೆ ವಾಪಸು. ವಾಡಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ನನ್ನ ಕೆಲಸ ಅವನ ಇಂಗ್ಲಿಷನ್ನು ನಮ್ಮ ಮಾತಿಗೆ ದಾಟಿಸುವುದು. ಕಾಕಾರದು ಅವನನ್ನು ತಯಾರು ಮಾಡುವುದು. ತರಬೇತಿಗೆಂದು ದಪ್ಪನೆಯ ಫೈಲೊಂದು ಬಂದಿತ್ತು. ಕಾಕಾ ಅದರ ಮೇಲೆ ಬುತ್ತಿ ಇಟ್ಟುಕೊಂಡು ಉಣ್ಣುತ್ತಿದ್ದರು.

ಲಿಯು ಜಾಣ, ಆದರೆ ಸುಳ್ಳು ಅವನ ಬಾಯಿಗೆ ಬಾರದು. ಪಾಲಿಶ್ ಯಂತ್ರದ ಹಣಮಂತನ ಕೈಯಲ್ಲಿ ಕಲ್ಲು ಒಡೆದ ದಿನ, ಕಲ್ಲು ಸರಿಯಾಗಿದೆ, ನಿನ್ನ ಕೈಯೇ ಸರಿಯಿಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟ. ನಾನೊಬ್ಬಳು ಪೆದ್ದಿ, ಹಾಗೆಹಾಗೇ ದಾಟಿಸಿದೆ. ಇವತ್ತಿಗೂ ನೆನೆದರೆ ಮುಖ ಬಿಸಿಯಾಗುತ್ತದೆ. ಮರುದಿನ ಹಣಮಂತ ಬರಲಿಲ್ಲ. ನಾಳೆ ತಮಗೂ ಇದೇ ಗತಿಯೆಂದು ವಾರದೊಳಗೆ ಇನ್ನೂ ನಾಲ್ವರು ಬಿಟ್ಟರು. ಯಂತ್ರಗಳು ನಿಂತವು, ಲಿಯು ಪೆಟ್ಟಿಗೆ ಕಟ್ಟುವುದೊಂದೇ ಬಾಕಿ.

ಕಾಕಾ ಅವನನ್ನೂ ಟಾಕಿಯ ಹಿಂದೆ ಕರೆದರು. ಜೊತೆಗೆ ನನ್ನನ್ನೂ.

"ಸಾಹೇಬ್ರ, ಕೈ ತಪ್ಪಿದ್ದು ಅವಂಗೂ ಗೊತ್ತದ. ಮಂದಿ ಮುಂದ ಅಂದ್ರ, ನಾಳಿ ಯಾವ ಮಾರಿ ತಗೊಂಡು ಬರಬೇಕು ಅವ?"

ಆದರೆ ಕಲ್ಲಿನಲ್ಲಿ ಬಿರುಕಿತ್ತು ಎನ್ನುವುದು ಸುಳ್ಳಲ್ಲವೇ ಎಂದು ಲಿಯು ಪಟ್ಟು ಹಿಡಿದ.

"ಸುಳ್ಳೇ ಅದ ರಿ. ಕಲ್ಲಿಗೇನ್ ಬ್ಯಾಸರ ಆಗಂಗಿಲ್ಲ."

ಸಂಜೆ ಲಿಯು ಕಾಕಾರ ಜೊತೆ ತಾನೇ ಹಣಮಂತನ ಮನೆಗೆ ಹೋಗಿ, ಖಾರ ನೆತ್ತಿಗೇರಿಸಿಕೊಂಡು ರೊಟ್ಟಿ ತಿಂದು ಬಂದ. ಸೋಮವಾರ ಐದೂ ಜನ ಕೆಲಸಕ್ಕೆ ಬಂದರು. ಆರು ತಿಂಗಳಾದ ಮೇಲೆ ಅವನು ಖಾಯಂ ಕೂಡ ಆದ.

ಹೋದ ವರ್ಷ ಕಾಕಾರ ಕಣ್ಣು ಮಂಜಾಗತೊಡಗಿತ್ತು. ಯಾರಾದರೂ ಕೇಳಿದರೆ ಸಿಟ್ಟು ಬರುತ್ತಿತ್ತು. ಒಂದು ಬೆಳಿಗ್ಗೆ, ಬೇರೆ ಯಾರಿಗೂ ಮುಟ್ಟಗೊಡದ ದೊಡ್ಡ ಕಲ್ಲು ಅವರ ಕೈಯಲ್ಲೇ ಎರಡು ತುಂಡಾಯಿತು. ಎಲ್ಲರೂ ಕೆಲಸ ನಿಲ್ಲಿಸಿದರು. ಕಾಕಾ ಚೂರನ್ನೆತ್ತಿದರು, ಕನ್ನಡಕವನ್ನು ಹಣೆಗೇರಿಸಿದರು, ಬೆಳಕಿಗೆ ಹಿಡಿಯದೆ ಹಾಗೇ ನೆಲದ ಮೇಲೆ ಕೂತುಬಿಟ್ಟರು.

ಲಿಯು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವರ ಕೈಯಿಂದ ಚೂರನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ದಾಟಿಸೆಂದು ನನ್ನ ಕಡೆ ತಿರುಗಲೂ ಇಲ್ಲ.

"ಕಲ್ಲಿನ್ಯಾಗ ಮೊದ್ಲೇ ಬಿರುಕಿತ್ತು, ಕಾಕಾ."

ಕಾಕಾ ನಕ್ಕರು. "ಈಗ ಪಾಸಾದ್ರಿ ನೋಡ್ರಿ, ಸಾಹೇಬ್ರ."

ಆಮೇಲೆ ಪದ್ಧತಿಯಂತೆ ಟಾಕಿಯ ಹಿಂದೆ ಹೋದರು, ಒಬ್ಬರೇ. ಅವರಿಗೆ ಕೈ ಹಿಡಿದು ತೋರಿಸುವವರು ನಮ್ಮಲ್ಲಿ ಯಾರಿದ್ದರು? ನೀರು ಬಿಟ್ಟುಕೊಂಡು ಕೈ ತೊಳೆಯುವ ಸದ್ದು ಬಹಳ ಹೊತ್ತು ಕೇಳಿತು. ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡು ಹಿಂದಿನ ಗೇಟಿನಿಂದಲೇ ಮನೆಗೆ ಹೋದರು. ತಪ್ಪಿದ್ದು ಕಣ್ಣೆಂದು ಅವರಿಗೂ ಗೊತ್ತಿತ್ತು; ಮರುದಿನದಿಂದ ಬರಲಿಲ್ಲ.