ಓರೆಸ್ಟನ ಬೆಚ್ಚನೆಯ ಗ್ಯಾರೇಜು

ಕೆನಡಾದ ಡಾಫಿನ್ ಊರಿನ ಓರೆಸ್ಟ್ ಗ್ಯಾರೇಜು ಕಟ್ಟಲು ಶುರುಮಾಡಿ ಹನ್ನೊಂದು ಚಳಿಗಾಲ ಕಳೆದವು. ಮುಗಿಯುವ ಲಕ್ಷಣ ಮಾತ್ರ ಇಲ್ಲ. ಗೋಡೆಗೆ ಕೌದಿ ಹೊದಿಸಿದಂತೆ ಗಾಜಿನುಣ್ಣೆ ತುಂಬಿದ, ನೆಲದಡಿ ಬಿಸಿನೀರಿನ ಕೊಳವೆ ಹಾಯಿಸಿದ, ಸ್ಪ್ಯಾನರುಗಳನ್ನು ಶಾಲೆಯ ಮಕ್ಕಳಂತೆ ಎತ್ತರದ ಪ್ರಕಾರ ಸಾಲಾಗಿ ತೂಗುಹಾಕಿದ. ಮನೆಯೊಳಗೆ ಹೆಂಡತಿ ಲೆಸ್ಯಾ ಎರಡೆರಡು ಸ್ವೆಟರ್ ಹಾಕಿಕೊಂಡು ಕೂತರೆ ಇವನು ಗ್ಯಾರೇಜಿನಲ್ಲಿ ಬನಿಯನ್ ತೊಟ್ಟು ಬೆವರುತ್ತಾನೆ. ಬಂದವರಿಗೆಲ್ಲ, "ಬೂಟು ಬಿಚ್ಚಿ, ಬರಿಗಾಲಲ್ಲಿ ನಿಂತ್ ನೋಡಿ, ಸ್ವರ್ಗ!" ಎನ್ನುತ್ತಾನೆ. "ನಿನ್ನ ಟ್ರಕ್ಕೇನು ಪಾಪ ಮಾಡಿದೆ ಮಾರಾಯಾ, ಹೊರಗೆ ಹಿಮ ಹೊದ್ಕೊಂಡು ನಿಂತಿದೆಯಲ್ಲ?" ಎಂದು ಲೆಸ್ಯಾ ಕೆಣಕಿದಾಗಲೆಲ್ಲ ಒಂದೇ ಉತ್ತರ: "ಕಪಾಟಿನ ಬಣ್ಣ ಒಣಗ್ಲಿ ಇರೇ." ನಿನ್ನೆ ಅವನು ಸೂರಿನಿಂದ ದಾರ ಕಟ್ಟಿ ಟೆನಿಸ್ ಚೆಂಡೊಂದನ್ನು ಇಳಿಬಿಟ್ಟ. ಅದು ಗಾಡಿಯ ಮುಂಗಾಜಿಗೆ ತಾಗಿದರೆ ಬ್ರೇಕ್ ಒತ್ತಬೇಕೆಂಬ ಗುರುತು. ಕೊನೆಗೂ ಟ್ರಕ್ಕಿಗೆ ಯೋಗ ಬಂತೆಂದು ಲೆಸ್ಯಾ ಹೋಗಿ ನೋಡಿದರೆ ಚೆಂಡು ಅವಳ ಎದೆಮಟ್ಟಕ್ಕಿದೆ. ಟ್ರಕ್ಕಿನ ಗಾಜೋ ಅವಳ ತಲೆಮಟ್ಟಕ್ಕೆ. "ಇದ್ಯಾರ ಗಾಡಿ ಅಳತೆ?" ಎಂದಳು. "ಪಕ್ಕದ್ಮನೆ ನರ್ಸ್ ಮಾರ್ಲೀನ್‌ದು. ನಾಳೆಯಿಂದ ಅವಳಿಗೆ ಬೆಳಗಿನ್ಜಾವದ ಡ್ಯೂಟಿ. ಈ ಚಳೀಲಿ ಹೊರಗೆ ನಿಂತ್ರೆ ಆ ಪುಟ್ಟ ಕಾರು ಸ್ಟಾರ್ಟೇ ಆಗಲ್ಲ ಕಣೇ." "ಮತ್ತೆ ಕಪಾಟಿನ ಬಣ್ಣ?" ಓರೆಸ್ಟ್ ಥಳಥಳಿಸುವ ಸ್ಪ್ಯಾನರೊಂದನ್ನು ಎತ್ತಿಕೊಂಡು ಮತ್ತೆ ಒರೆಸತೊಡಗಿದ: "ಇವತ್ತು ಬೆಳಿಗ್ಗೆ ಒಣಗ್ತು."