ಆಮೆನ್ ಅನ್ನುವವರೆಗೆ

ಕಳೆದ ವರ್ಷ ಕ್ರಿಸ್ಮಸ್ ಹತ್ತಿರ ಬಂದಾಗ ತಿಪಟೂರಿನ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟುಕೊಂಡಿದ್ದೆವು. ಕರೆಂಟು ಹೋಗಬಹುದಿತ್ತು. ಹಾಲು ಒಡೆಯಬಹುದಿತ್ತು. ಚಾಪೆ ಸಾಲದೆ ಬರಬಹುದಿತ್ತು. ಕೀರ್ತನೆಯ ನಡುವೆ ನಮ್ಮ ಬೆಕ್ಕು ಸಭೆಯ ಪಾದ್ರಿ ಅಯ್ಯನವರ ಮಡಿಲಿಗೆ ಹಾರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮಣ್ಣ ಬಾರದೇ ಇರಬಹುದಿತ್ತು. ಚಿಂತೆ ಮಾಡುವುದಕ್ಕೆ ಸಂಬಳ ಕೊಡುವಂತಿದ್ದರೆ ಇಷ್ಟು ಹೊತ್ತಿಗೆ ನನಗೆ ಪಿಂಚಣಿಯೇ ಬರುತ್ತಿತ್ತು.

ಅಣ್ಣ ಇರುವುದು ಮಾಯಸಂದ್ರದಲ್ಲಿ. ತೆಂಗಿನಕಾಯಿ ಸಾಗಿಸುವ ಟೆಂಪೋ ಓಡಿಸುತ್ತಾನೆ. ಅಮ್ಮನನ್ನು ಮಣ್ಣು ಮಾಡಿದ ದಿನ ನೆಂಟರೊಬ್ಬರು ಆಡಿದ ಮಾತಿಗೆ ನೊಂದು ಎದ್ದು ಹೋದವನು ಮತ್ತೆ ನಮ್ಮ ಹೊಸಿಲು ತುಳಿದಿರಲಿಲ್ಲ. ಫೋನ್ ಮಾಡಿ ಕರೆದರೆ "ನೋಡಾನ ಬುಡು" ಅನ್ನುತ್ತಿದ್ದ, ಅಷ್ಟೇ.

ಹಿಂದಿನ ವಾರದ ಕೂಟ ನಮ್ಮ ಸಭೆಯ ಹಿರಿಯಾಕೆ ಎಸ್ತೇರಮ್ಮನವರ ಮನೆಯಲ್ಲಿತ್ತು. ಒಬ್ಬೊಬ್ಬರೂ ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳಿ ಪ್ರಾರ್ಥಿಸುವುದು ವಾಡಿಕೆ. ನನ್ನ ಸರದಿ ಬಂತು. "ಕರ್ತನೇ, ಅಣ್ಣನ ಮನಸ್ಸು ಬುಧವಾರದೊಳಗೆ ಕರಗಲಿ. ಗುರುವಾರ ಕೂಟದ ದಿನ ಅವನ ಟೆಂಪೋಗೆ ಬಾಡಿಗೆ ಬೇಡ. ನಾಲ್ಕಕ್ಕೆ ಹೊರಟರೆ ಸಾಕು. ತುರುವೇಕೆರೆಯಲ್ಲಿ ಟೀಗೆ ನಿಲ್ಲದಿರಲಿ, ಅಲ್ಲಿ ಗೆಳೆಯರು ಸಿಕ್ಕರೆ ಹಿಂದಕ್ಕೇ ಹೋಗಿಬಿಡುತ್ತಾನೆ..." ಯಾರೋ ಕಿಸಕ್ಕೆಂದರು.

ಆಮೆನ್ ಆಗುತ್ತಲೇ ಎಸ್ತೇರಮ್ಮ ಹಿಡಿದುಕೊಂಡರು. "ಏನಪ್ಪಾ, ದೇವ್ರಿಗೇ ರೂಟು ಹೇಳ್ಕೊಡ್ತೀಯಲ್ಲ, ಆತನೇನು ನಿಮ್ಮಣ್ಣನ ಗಾಡಿ ಕ್ಲೀನರಾ?"

"ಒಂದು ಹೇಳೋದು ಬಿಟ್ಟೋದ್ರೆ ಅಂತ ಭಯ ಕಣಮ್ಮ."

"ಚಪ್ಲಿ ಹೊರಗ್ ಬುಟ್ಟು ಬಂದೆ, ಯಜಮಾನಿಕೆ ಮಾತ್ರ ಒಳಕ್ಕೆ ತಂದಿದ್ದೀಯ. ಮೊಣಕಾಲೂರು, ಬೇಕಾದ್ದು ಕೇಳು, ಆಮೇಲೆ ಸುಮ್ಕಿರು."

ಸುಮ್ಮನಿರುವುದೇ ನನಗೆ ಬರದ ವಿದ್ಯೆ. ಆದರೂ ನಮ್ಮ ಮನೆಯ ಕೂಟದ ದಿನ ಬಾಗಿಲ ಬಳಿ, ಎಲ್ಲರ ಹಿಂದೆ ಮೊಣಕಾಲೂರಿ, "ಅಣ್ಣ ಈ ಮನೆಗೆ ಬರಲಿ ಕರ್ತನೇ, ನಿನ್ನ ಚಿತ್ತ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡೆ.

ಅಯ್ಯನವರು ಕೊನೆಯ ಪ್ರಾರ್ಥನೆ ಶುರುಮಾಡಿದ್ದರು. ಹೊರಗೆ ಯಾವುದೋ ಗಾಡಿ ನಿಂತಿತು. ಯಾರೋ ಮೆಲ್ಲಗೆ ಬಂದು ನನ್ನ ಪಕ್ಕದಲ್ಲಿ ಮೊಣಕಾಲೂರಿದರು. ಡೀಸೆಲ್ ವಾಸನೆ, ಕಾಯಿಸಿಪ್ಪೆಯ ಧೂಳಿನ ವಾಸನೆ. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಆ ಸದ್ದನ್ನು ಕೇಳುತ್ತಲೇ ಬೆಳೆದವನು ನಾನು. ಮೊಣಕೈಗೆ ಮೊಣಕೈ ತಾಗಿತು.

ಕಣ್ಣು ತೆರೆಯಲು ಜೀವ ಹಾತೊರೆಯಿತು. ಆದರೆ ಕೇಳಿಕೊಂಡದ್ದನ್ನು ಕೊಟ್ಟವನ ಮುಂದೆ, ಪ್ರಾರ್ಥನೆಯ ನಡುವೆ ಕಳ್ಳನ ಹಾಗೆ ಇಣುಕುವುದೇ? ರೆಪ್ಪೆ ಬಿಗಿದುಕೊಂಡೆ. ಅಯ್ಯನವರು ರೋಗಿಗಳಿಗಾಗಿ, ಓದುವ ಮಕ್ಕಳಿಗಾಗಿ, ದೇಶ ಆಳುವವರಿಗಾಗಿ ಪ್ರಾರ್ಥಿಸುತ್ತಲೇ ಇದ್ದರು. ನಡುವೆ ಎಲ್ಲೋ ಮೊಣಕೈ ಸರಿಯಿತು. ಕಾಲು ಜೋಮು ಹಿಡಿದಿರಬೇಕು ಅಂದುಕೊಂಡೆ.

ಆಮೆನ್ ಅಂದು ತಿರುಗಿದೆ. ಚಾಪೆ ಖಾಲಿ.

ಅಡುಗೆಮನೆ ಬಾಗಿಲಲ್ಲಿ ನನ್ನ ಹೆಂಡತಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. "ಭಾವ ಬಂದಿದ್ರು ಕಣ್ರೀ. ಕರೀಲಾ ಅಂತ ಸನ್ನೆ ಮಾಡ್ದೆ. ಹತ್ರ ಬಂದು, 'ಬ್ಯಾಡ ಕಣಮ್ಮ, ಪ್ರಾರ್ಥನೆ ಕೆಡಿಸ್ಬ್ಯಾಡ, ಮಾರ್ಕೆಟ್ಟಲ್ಲಿ ಕಾಯಿ ಇಳಿಸೋರು ಕಾಯ್ತಾವ್ರೆ' ಅಂದ್ರು. ಕಣ್ಣೊರೆಸ್ಕೊಂಡೇ ಹೋದ್ರು."

ಬೀದಿಗೆ ಓಡಿದೆ. ಟೆಂಪೋ ತಿರುವು ದಾಟಿತ್ತು.

ಅವನು ಮತ್ತೆ ಬಂದಿಲ್ಲ. ಫೋನಿನಲ್ಲಿ ಮಾತ್ರ ಈಗ ಎರಡು ಮಾತು ಹೆಚ್ಚು. ಸಂಜೆ ಮೊಣಕಾಲೂರಿದಾಗ "ಈ ಸಲ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಾದರೂ..." ಎಂದು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಳ್ಳುತ್ತೇನೆ.

ಅಂದು ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆದದ್ದು ಇಷ್ಟೇ: ಅಣ್ಣ ಬಂದ, ನಾನು ಅವನ ಮುಖ ನೋಡಲಿಲ್ಲ.